ಜಹೀರಾಬಾದಿಗೆ ಒಯ್ದ ಮಣ್ಣು

ಜಹೀರಾಬಾದಿನಲ್ಲಿ ಮಣ್ಣಿಗೇನೂ ಬರವಿಲ್ಲ. ಆದರೂ ಕಳೆದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾನು ನಾರಾಯಣಖೇಡದಿಂದ ಒಂದು ಬಕೆಟ್ ಮಣ್ಣು ಹೊತ್ತುಕೊಂಡು ಅಲ್ಲಿಗೆ ಹೋದೆ. ಹಿಂದಿನ ದಿನವೇ ನೆನೆಸಿ, ನಾದಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿದ್ದ ಎರೆಮಣ್ಣು. ಬಸ್ ಹತ್ತಿದಾಗ ಕಂಡಕ್ಟರ್ ಚೀಲದ ಅಂಚು ಎತ್ತಿ ಬಕೆಟ್ಟಿನೊಳಗೆ ಇಣುಕಿದ. "ಏನ್ ಅಕ್ಕಾ ಇದು, ಮೀನಾ?" ಎಂದು ಕೇಳಿದ. ಮಣ್ಣು ಎಂದೆ. ಅವನು ನನ್ನ ಮುಖ ನೋಡಿದ, ಆಧಾರ್ ಕಾರ್ಡ್ ನೋಡಿದ, ಹೆಂಗಸರಿಗೆ ಕೊಡುವ ಬಿಟ್ಟಿ ಟಿಕೆಟ್ ಹರಿದು ಕೈಗಿಟ್ಟ. "ನಿಮಗ ಬಿಟ್ಟಿ, ಮಣ್ಣಿಗ ಟಿಕೆಟ್ ತಗೋಬೇಕಾಗ್ತದ ನೋಡ್ರಿ," ಅಂದ. "ಭೂಮ್ತಾಯಿ ಅಂತಾರಲ್ಲಪ್ಪಾ, ಆಕಿನೂ ಹೆಂಗಸೇ," ಅಂದೆ. ಹಿಂದಿನ ಸೀಟಿನವರು ನಕ್ಕರು. ನನಗೆ ನಗುವ ಮನಸ್ಸಿರಲಿಲ್ಲ. ಮನಸ್ಸು ಎಲ್ಲಿದ್ದರೂ ನನ್ನ ನಾಲಗೆ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ಅದು ಹಳೇ ಚಾಳಿ.

ಮಣ್ಣು ಯಾಕೆ ಒಯ್ದೆ ಎಂದರೆ, ಜಹೀರಾಬಾದಿನ ಮಣ್ಣು ಕೆಂಪು. ಕಬ್ಬು, ಆಲೂಗಡ್ಡೆ, ಶುಂಠಿ ಎಲ್ಲ ಅದರಲ್ಲಿ ಚೆನ್ನಾಗಿ ಬೆಳೆಯುತ್ತವೆ. ಎತ್ತು ಮಾತ್ರ ಆಗುವುದಿಲ್ಲ. ಹಿಡಿದರೆ ಅಂಗೈಗೆ ಹರಳು ಚುಚ್ಚುತ್ತವೆ. ನಾಲ್ಕು ಕಾಲು ಮಾಡಿ ನಿಲ್ಲಿಸಿದರೆ ಹೊಟ್ಟೆಯ ಭಾರಕ್ಕೆ ಕುಸಿಯುತ್ತದೆ. ನಮ್ಮ ನಾರಾಯಣಖೇಡದ, ಬಾಯಿಮಾತಿನ ಖೇಡದ, ಕಡೆಯ ಕಪ್ಪು ಎರೆಮಣ್ಣು ಹಾಗಲ್ಲ, ಬೆರಳು ಹೇಳಿದ ಮಾತು ಕೇಳುತ್ತದೆ. ನಿಜ ಹೇಳಬೇಕೆಂದರೆ ಜಹೀರಾಬಾದಿನ ಮಣ್ಣಿನಲ್ಲಿ ನಾನು ಒಂದು ದಿನವೂ ಎತ್ತು ಮಾಡಿ ನೋಡಿದವಳಲ್ಲ. ಆದರೆ ಒಂದು ವರ್ಷ ಪೂರ್ತಿ ಅದನ್ನೇ ನನಗೆ ನಾನೇ ಹೇಳಿಕೊಂಡಿದ್ದೆ. ಹೇಳಿ ಹೇಳಿ ಅದು ನನಗೆ ಖಾತ್ರಿಯಾಗಿಬಿಟ್ಟಿತ್ತು.

ಆ ಊರಿನಲ್ಲಿ ನನ್ನ ಅಕ್ಕನ ಮಗಳು ಇದ್ದಾಳೆ. ಅಕ್ಕ ತೀರಿಕೊಂಡಾಗ ಅವಳಿಗೆ ಒಂದೂವರೆ ವರ್ಷ. ನಾನು ಆಗಲೇ ಗಂಡನ ಮನೆ ಬಿಟ್ಟು ಬಂದು ಖೇಡದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಹಿಡಿದು ಬ್ಲೌಸ್ ಹೊಲಿಯುತ್ತಿದ್ದೆ. ಮಕ್ಕಳಿರಲಿಲ್ಲ. ಭಾವ ಜಹೀರಾಬಾದಿನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು ಕೂಸನ್ನು ಹೇಗೆ ನೋಡಿಕೊಂಡಾರು? ತಂದು ನನ್ನ ಹೊಲಿಗೆ ಮಷಿನ್ನಿನ ಪಕ್ಕ ಕೂರಿಸಿ, "ಜರಾ ದಿನ ನೋಡ್ಕೊಳ್ರಿ" ಅಂದರು. ಆ ಜರಾ ದಿನ ಏಳೂವರೆ ವರ್ಷ ಆಯಿತು.

ಮಾತು ಬಂದಾಗ ಅವಳು ನನ್ನನ್ನು ಅವ್ವ ಅಂದಳು. ನಾನೇ ತಿದ್ದಿದೆ. ನಿನ್ನ ಅವ್ವ ಫೋಟೋದಾಗ ಅದಾಳ, ನಾ ಸಣ್ಣವ್ವ, ಎಂದು ದಿನಾ ಹೇಳಿಕೊಟ್ಟೆ. ಅಕ್ಕನಿಗೆ ಸಲ್ಲಬೇಕಾದ ಹೆಸರನ್ನು ಕದಿಯಬಾರದು ಎಂಬ ದೊಡ್ಡಸ್ತಿಕೆ. ಈಗ ಅದಕ್ಕೆ ಯಾರನ್ನು ಬೈಯಲಿ?

ಒಂದು ಕೋಣೆಯ ಮನೆಯಲ್ಲಿ ಮಗುವನ್ನು ಆಡಿಸುವುದು ಸುಲಭವಲ್ಲ. ಆಟಿಕೆ ತರುವಷ್ಟು ಅನುಕೂಲ ನನಗಿರಲಿಲ್ಲ, ಇದ್ದರೂ ತರುತ್ತಿರಲಿಲ್ಲವೇನೋ. ನಾವು ಹುಟ್ಟಿದ್ದು ನಾಗಲಗಿದ್ದದ ಕಡೆ, ಹೊಲದ ನಡುವಿನ ಹಳ್ಳಿಯಲ್ಲಿ. ಅಲ್ಲಿ ಆಯಾ ಕಾಲಕ್ಕೆ ಸಿಕ್ಕಿದ್ದರಲ್ಲಿ ಏನಾದರೂ ಮಾಡುವುದು ರೂಢಿ. ಅದನ್ನೇ ಅವಳಿಗೆ ಕಲಿಸಿದೆ. ಬಿಳಿಜೋಳದ ರಾಶಿ ಮುಗಿದ ಮೇಲೆ ಒಣದಂಟು ಸಿಗುತ್ತದೆ. ಅದರ ಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆದರೆ ಒಳಗೆ ಹಗುರವಾದ ಬಿಳಿ ಬೆಂಡು. ಬೆಂಡನ್ನು ಬೆರಳುದ್ದ ಕತ್ತರಿಸಿ, ಸಿಪ್ಪೆಯ ಸೀಳನ್ನೇ ಮೊಳೆ ಮಾಡಿ ಚುಚ್ಚಿದರೆ ಚಕ್ಕಡಿಗಾಡಿಯಾಗುತ್ತದೆ. ಸಿಪ್ಪೆಯನ್ನು ದುಂಡಗೆ ಬಗ್ಗಿಸಿ ಬೆಂಡಿಗೆ ಸಿಕ್ಕಿಸಿದರೆ ಕನ್ನಡಕ. ಅವಳು ಆ ಕನ್ನಡಕ ಏರಿಸಿಕೊಂಡು, ನನ್ನ ಟೇಪು ಕೊರಳಿಗೆ ಹಾಕಿಕೊಂಡು, ಬಂದ ಗಿರಾಕಿಗಳ ತೋಳಿನ ಅಳತೆ ತೆಗೆಯುತ್ತಿದ್ದಳು. ದೀಪಾವಳಿಗೆ ಸಗಣಿಯಿಂದ ಪುಟ್ಟ ಪಾಂಡವರನ್ನು ಮಾಡಿ, ತಲೆಗೆ ಉತ್ತರಾಣಿ ಕಡ್ಡಿ, ಚೆಂಡುಹೂವಿನ ಎಸಳು ಚುಚ್ಚಿ ಹೊಸ್ತಿಲ ಎರಡೂ ಬದಿ ಕೂರಿಸುತ್ತಿದ್ದೆವು. ಒಂದು ವರ್ಷ ಆಕಳ ಸಗಣಿ ಸಿಗದೆ ಎಮ್ಮೆಯದನ್ನು ತಂದಿದ್ದೆ. ಪಾಂಡವರು ಒಣಗುವ ಮೊದಲೇ ಚಪ್ಪಟೆಯಾಗಿ ಕೂತುಬಿಟ್ಟರು. ಎದುರುಮನೆಯ ಮುದುಕಿ ಬಗ್ಗಿ ನೋಡಿ, "ಇವರೇನ್ ಪಾಂಡವರೋ, ಉಂಡು ಮಲಗಿದ ಬೀಗರೋ?" ಅಂದಳು. ಹುಡುಗಿ ಆ ಹಬ್ಬ ಮುಗಿಯುವ ತನಕ ಅವರನ್ನು ಬೀಗರು ಎಂದೇ ಕರೆದಳು.

ಎಲ್ಲಕ್ಕಿಂತ ದೊಡ್ಡ ಕೆಲಸ ಎತ್ತಿನದು. ಕಾರಹುಣ್ಣಿಮೆಯಲ್ಲಿ ನಿಜದ ಎತ್ತುಗಳ ಹಬ್ಬ ಮುಗಿದು ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತೇವೆ. ಹೆಂಟೆಯನ್ನು ಕುಟ್ಟಿ, ಜರಡಿ ಹಿಡಿದು, ಒಂದು ರಾತ್ರಿ ನೆನೆಹಾಕಬೇಕು. ಹಳೇ ದಿಂಬಿನ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಿ ನಾದಬೇಕು, ಇಲ್ಲದಿದ್ದರೆ ಎರೆಮಣ್ಣು ಒಣಗುವಾಗ ಬಿರುಕು ಬಿಡುತ್ತದೆ. ಕಾಲುಗಳನ್ನು ಮೊದಲು ದಪ್ಪಗೆ ಮಾಡಿ ನೆರಳಲ್ಲಿಡಬೇಕು. ಅವು ಸ್ವಲ್ಪ ಗಟ್ಟಿಯಾದ ಮೇಲೆ ಹೊಟ್ಟೆ, ಆಮೇಲೆ ಡುಬ್ಬ, ಆಮೇಲೆ ತಲೆ. ಕೊಂಬಿನೊಳಗೆ ಕಸಬರಿಗೆ ಕಡ್ಡಿ, ಕಣ್ಣಿಗೆ ಗುಲಗಂಜಿ. ನಾನು ಹೀಗೆ ಕ್ರಮವಾಗಿ ಹೇಳಿದರೆ ಅವಳು ಬಾಲದಿಂದ ಶುರು ಮಾಡುತ್ತಿದ್ದಳು. ಎತ್ತು ಇನ್ನೂ ಹುಟ್ಟಿರುವುದಿಲ್ಲ, ಅದರ ಬಾಲ ನೆಲದ ಮೇಲೆ ತಯಾರಾಗಿ ಕಾಯುತ್ತಿರುತ್ತಿತ್ತು. ಬಾಲವನ್ನು ಯಾವಾಗಲೂ ಬಲಗಡೆ ತೊಡೆಗೆ ಅಂಟಿಸಿ ತುದಿಯನ್ನು ಹೆಬ್ಬೆರಳಿನಿಂದ ಒತ್ತುವಳು.

ಭಾವ ಎರಡನೇ ಮದುವೆಯಾದಾಗ ಅವಳಿಗೆ ಎಂಟು. ಮದುವೆಯ ಹೆಣ್ಣು ತಾಂಡೂರಿನ ಕಡೆಯವಳು, ಕಲ್ಲು ಪಾಲಿಷ್ ಮಾಡುವವರ ಮನೆಯವಳು ಎಂದು ಕೇಳಿದೆ. ಮದುವೆಗೆ ನಾನು ಹೋಗಲಿಲ್ಲ. ಹೊಲಿಗೆ ಬಹಳ ಇದೆ ಎಂದು ಹೇಳಿಸಿದೆ. ಮರುವರ್ಷ ಜೂನ್ ತಿಂಗಳಲ್ಲಿ, ಶಾಲೆ ತೆರೆಯುವ ನಾಲ್ಕು ದಿನ ಮುಂಚೆ, ಭಾವ ಹೊಸ ಸ್ಕೂಲ್ ಬ್ಯಾಗ್ ಹಿಡಿದು ಬಂದರು.

"ಅಲ್ಲಿ ಛಲೋ ಸಾಲಿ ಅದ. ಮನ್ಯಾಗ ಈಗ ಹೆಣ್ಮಗಳು ಬಂದಾಳ. ಇನ್ನೆಷ್ಟು ದಿನ ನಿಮಗ ತ್ರಾಸ ಕೊಡಾದು?" ಅಂದರು.

"ತ್ರಾಸ ಆಗ್ಯದ ಅಂತ ನಾ ಯಾವತ್ತರ ಅಂದೀನೇನ್ರಿ?"

ಅವರು ಬ್ಯಾಗಿನ ಪಟ್ಟಿ ಸರಿಮಾಡತೊಡಗಿದರು. ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬಾಯಿ ಮಾಡಿ ಬಾಗಿಲು ಹಾಕಬಹುದಿತ್ತು. ಮಗಳನ್ನು ತಂದೆ ಕೇಳಿದರೆ ನಾನು ಯಾವ ಬಾಯಲ್ಲಿ ಇಲ್ಲ ಎನ್ನಲಿ? ಹೊರಡುವಾಗ ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. "ಒಂದಷ್ಟು ದಿನ ಬರಬ್ಯಾಡ್ರಿ. ನೀವು ಬಂದ್ರ ಆಕಿ ನಿಮ್ಮ ಬೆನ್ನು ಹತ್ತತಾಳ. ಹೊಂದಿಕೊಳ್ಳಲಿ." ಆಗಲಿ ಎಂದೆ. ಆ 'ಒಂದಷ್ಟು ದಿನ'ವನ್ನು ಅವರು ಎಣಿಸಿದರೋ ಇಲ್ಲವೋ, ನಾನು ಎಣಿಸಿದೆ.

ಅವರು ಹೋದ ಎರಡು ವಾರಕ್ಕೆ ಅಮಾವಾಸ್ಯೆ ಬಂತು. ಒಬ್ಬಳೇ ಕೂತು ಜೋಡೆತ್ತು ಮಾಡಿದೆ, ಪೂಜೆ ಮಾಡಿದೆ, ಕಡಬು ಮಾಡಿದೆ. ಇಬ್ಬರ ಅಳತೆಗೆ ಕಣಕ ಕಲಸಿದ್ದು ಎಡೆ ಹಿಡಿದ ಮೇಲೆ ಗೊತ್ತಾಯಿತು. ಮೂರು ದಿನ ಅದೇ ಕಡಬು ತಿಂದೆ. ಮಷಿನ್ನಿನ ಪೆಡಲ್ ತುಳಿಯುವಾಗ ಪಕ್ಕದಲ್ಲಿ ಯಾರೋ ಕೂತಿದ್ದಾರೆಂದು ಕಾಲನ್ನು ಜೋಪಾನವಾಗಿ ಇಡುತ್ತಿದ್ದೆ. ಆ ಜಾಗದಲ್ಲಿ ಬಟ್ಟೆ ತುಂಡುಗಳ ಗಂಟು ಇಟ್ಟೆ, ಬರಿದಾಗಿ ಕಾಣಬಾರದೆಂದು. ಗಂಟು ಇಟ್ಟ ಮೇಲೆ ಇನ್ನೂ ಕೆಟ್ಟದಾಗಿ ಕಂಡಿತು.

ಭಾನುವಾರಕ್ಕೊಮ್ಮೆ ಫೋನ್ ಬರುತ್ತಿತ್ತು. ಶಾಲೆ ಹೇಗಿದೆ, ಊಟ ಆಯಿತಾ, ಅಲ್ಲಿಯ ಮಣ್ಣಿನಲ್ಲಿ ಎತ್ತು ನಿಲ್ಲುವುದಿಲ್ಲ, ಅಷ್ಟೇ. ಆದರೆ ಅವಳ ಮಾತಿನ ಹಿಂದೆ ಇನ್ನೊಂದು ದನಿ ಕೇಳುತ್ತಿತ್ತು. "ಹಾಲು ಕುಡ್ದೀ ಇಲ್ಲ?" "ತಲಿ ಬಾಚ್ಕೋ ಬಾ!" ಎಂದು ಇಡೀ ಓಣಿಗೆ ಕೇಳುವಂತೆ ಅಬ್ಬರಿಸುವ ಹೆಂಗಸಿನ ದನಿ. ಫೋನ್ ಇಟ್ಟ ಮೇಲೆ ಅಳುತ್ತಿದ್ದೆ. ತಾಯಿಲ್ಲದ ಕೂಸನ್ನು ಬೈಯುತ್ತಾಳೆ, ಬೈಯುತ್ತಾಳೆ. "ನಿನಗ ಅಲ್ಲಿ ಹ್ಯಾಂಗ ಅದ?" ಎಂದು ಮೆಲ್ಲಗೆ ಕೇಳುತ್ತಿದ್ದೆ. "ಛಲೋ ಅದ" ಅನ್ನುವಳು. ಪಕ್ಕದಲ್ಲಿ ಆ ಹೆಂಗಸು ಇರುವಾಗ ಇನ್ನೇನು ಅಂದಾಳು ಎಂದು ನಾನು ಅರ್ಥ ಮಾಡಿಕೊಂಡೆ. ಮಾಘದಲ್ಲಿ ಬೆಂಡಿನ ಚಕ್ಕಡಿ ಮಾಡಿ ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ ಬಸ್ಸಿನಲ್ಲಿ ಕಳಿಸಿದೆ. ತಲುಪುವಷ್ಟರಲ್ಲಿ ಗಾಲಿ ಮುರಿದಿತ್ತಂತೆ, ಅಂಟು ಹಚ್ಚಿದೆವು ಅಂದಳು. ಹಚ್ಚಿದೆವು ಅಂದಳು, ಹಚ್ಚಿದೆ ಅನ್ನಲಿಲ್ಲ. ಒಬ್ಬರೇ ಇರುವವರಿಗೆ ಇಂಥವೆಲ್ಲ ಕಿವಿಗೆ ಬೀಳುತ್ತವೆ.

ನನ್ನ ಭಯ ಒಂದೇ. ಅವಳು ನನ್ನನ್ನು ಮರೆಯುತ್ತಾಳೆ ಎಂದಲ್ಲ. ಹತ್ತು ವರ್ಷದ ಹುಡುಗಿ ಹಾಗೆಲ್ಲ ಮರೆಯುವುದಿಲ್ಲ. ಹಬ್ಬಕ್ಕೆ ಬಂದು ಹೋಗುವ ನೆಂಟರ ಸಾಲಿಗೆ ನನ್ನನ್ನೂ ಸೇರಿಸಿಬಿಡುತ್ತಾಳೆ ಎಂದು. ಅವಳ ಮನೆಯವಳಾಗಿ ಉಳಿಯಬೇಕಿತ್ತು ನನಗೆ, ಬೇರೆ ಏನೂ ಬೇಕಿರಲಿಲ್ಲ. ಅದಕ್ಕೆ ನನ್ನ ಕೈಯಲ್ಲಿದ್ದ ದಾರಿ ಇದೊಂದೇ: ಅಲ್ಲಿ ಎತ್ತಿನ ಮಣ್ಣಿಲ್ಲ, ಎತ್ತು ಮಾಡುವವರಿಲ್ಲ. ಅಮಾವಾಸ್ಯೆಗೆ ನಾನು ಬರುತ್ತೇನೆ ಎಂದು ಭಾವನಿಗೆ ಫೋನ್ ಮಾಡಿದೆ. "ಬರ್ರಿ, ಅದ್ರಾಗ ಕೇಳಾದೇನದ," ಅಂದರು. ಆವತ್ತೇ ಹಳ್ಳಿಗೆ ಹೋಗಿ ನಮ್ಮ ಹೊಲದ ಬದುವಿನಿಂದ ಮಣ್ಣು ತಂದೆ.

ಹೀಗಾಗಿ ಬಕೆಟ್ ಹಿಡಿದು ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲೊಂದು ಪೊಟ್ಟಣ ಚುರುಮುರಿ ಕೊಂಡು, ಸ್ವಲ್ಪ ಬಾಯಿಗೆ ಹಾಕಿಕೊಂಡು, ಉಳಿದಿದ್ದನ್ನು ಚೀಲಕ್ಕೆ ಸೇರಿಸಿ ಆಟೋ ಹತ್ತಿದೆ. ಮನೆಯ ಬಾಗಿಲು ತೆಗೆದವಳು ಸಣ್ಣಗೆ, ಕಪ್ಪಗೆ ಇದ್ದ ಹೆಂಗಸು. ನಾನು ಅಂದುಕೊಂಡದ್ದಕ್ಕಿಂತ ಅರ್ಧ ಇದ್ದಳು.

"ಬರ್ರೀ ಅಕ್ಕಾ, ಬರ್ರಿ ಒಳಗ," ಎಂದು ಅಬ್ಬರಿಸಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಬಿಸಲಾಗ ಬಂದೀರಿ, ನೀರು ತಗೋರಿ," ಎಂದು ಅದೇ ದನಿಯಲ್ಲಿ ಕೂಗಿದಳು. ಆಮೇಲೆ ದೇವರ ಮುಂದೆ ಊದುಬತ್ತಿ ಹಚ್ಚುವಾಗ, "ಎಲ್ಲರಿಗೂ ಛಲೋ ಮಾಡಪ್ಪಾ," ಎಂದು ದೇವರ ಮೇಲೂ ಅಷ್ಟೇ ಜೋರು ಮಾಡಿದಳು. ಕಲ್ಲು ಕೊಯ್ಯುವ ಮಷಿನ್ನುಗಳ ಮಗ್ಗುಲಲ್ಲೇ ಅವಳ ತವರುಮನೆ. ಹಗಲೆಲ್ಲ ಆ ಸದ್ದಿನ ಮೇಲೆ ಮಾತಾಡಿ ಬೆಳೆದವಳಿಗೆ ಮೆಲುದನಿ ಅಂದರೆ ಏನೆಂದೇ ಗೊತ್ತಿಲ್ಲ. ಒಂದು ವರ್ಷ ನಾನು ಬೈಗುಳ ಎಂದು ಕೇಳಿಸಿಕೊಂಡು ಅತ್ತದ್ದೆಲ್ಲ ಹಾಲು ಕುಡಿ, ತಲೆ ಬಾಚಿಕೋ ಎನ್ನುವುದು ಅಷ್ಟೇ ಆಗಿತ್ತು. ನನಗೆ ಸಮಾಧಾನ ಆಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ ಕಾಲ ಕೆಳಗಿನ ನೆಲ ಸ್ವಲ್ಪ ಜಾರಿತು. ಅವಳು ಕೆಟ್ಟವಳಾಗಿದ್ದರೆ ನನಗೆ ಇಲ್ಲಿ ಕೆಲಸ ಇರುತ್ತಿತ್ತು.

ಹುಡುಗಿ ಒಳಗಿನಿಂದ ಓಡಿ ಬಂದಳು. ಎತ್ತರವಾಗಿದ್ದಳು, ಕೂದಲು ಭುಜದ ತನಕ ಕತ್ತರಿಸಿದ್ದರು. ಒಂದು ಮಾರು ದೂರದಲ್ಲಿ ನಿಂತು ನಾಚಿಕೊಂಡಳು, ಆಮೇಲೆ ಬಂದು ನನ್ನ ಸೊಂಟ ಹಿಡಿದುಕೊಂಡಳು. ಅವಳ ತಲೆ ಈಗ ನನ್ನ ಎದೆಗೆ ಬರುತ್ತಿತ್ತು. ನಾನು ಬಕೆಟ್ಟಿನ ಚೀಲ ಸರಿಸಿ, "ನೋಡು ಏನ್ ತಂದೀನಿ," ಅಂದೆ.

"ನಾವು ನಿನ್ನೆನೇ ಮಾಡೀವಿ, ಸಣ್ಣವ್ವಾ," ಅಂದಳು.

ಕಿಟಕಿಯ ಕಟ್ಟೆಯ ಮೇಲೆ ಒಂದು ಜೋಡೆತ್ತು ನಿಂತಿತ್ತು. ಎಂಥ ಬಣ್ಣ ಅನ್ನುತ್ತೀರಿ, ತಿಳಿಗೆಂಪು, ಹೆಚ್ಚು ಕಡಿಮೆ ಗುಲಾಬಿ. ಒಂದಕ್ಕೆ ಕುತ್ತಿಗೆ ಇರಲಿಲ್ಲ, ಇನ್ನೊಂದರ ಡುಬ್ಬ ಬಾಲದ ಹತ್ತಿರ ಹೋಗಿತ್ತು. ಆದರೆ ಎಂಟೂ ಕಾಲು ಗಟ್ಟಿಯಾಗಿ ಊರಿ ನಿಂತಿದ್ದವು. ಬಾಲಗಳು ಬಲತೊಡೆಗೆ ಅಂಟಿದ್ದವು, ತುದಿಯಲ್ಲಿ ಹೆಬ್ಬೆರಳಿನ ಗುರುತು.

"ಇಲ್ಲೀ ಮಣ್ಣಾಗ ಎತ್ತು ನಿಂದ್ರಂಗಿಲ್ಲ ಅಂತ ನೀ ಫೋನ್‌ನಾಗ ಅಂದಿದ್ದ್ಯಲ್ಲ, ಖರೇನೇ ನಿಂದ್ರಲಿಲ್ಲ," ಎಂದು ಹುಡುಗಿ ಉತ್ಸಾಹದಿಂದ ಹೇಳತೊಡಗಿದಳು. "ನಾಕು ಸಲ ಬಿದ್ದವು. ಆಮ್ಯಾಲ ಅವ್ವ ಕಲ್ಲಿನ ರಾಡಿ ತರಿಸಿದ್ಳು."

ತಾಂಡೂರಿನ ಹಾಸುಗಲ್ಲಿಗೆ ಪಾಲಿಷ್ ಹಾಕುವಾಗ ನೀರಿನ ಜೊತೆ ಬಿಳಿ ರಾಡಿ ಹರಿಯುತ್ತದೆ. ಗುಂಡಿಯಲ್ಲಿ ನಿಂತು ಒಣಗಿದರೆ ಗಚ್ಚಿನಂತೆ ಗಟ್ಟಿ. ಆಕೆಯ ತಮ್ಮ ಹಬ್ಬಕ್ಕೆ ಅಕ್ಕನನ್ನು ನೋಡಲು ಬರುವಾಗ ಒಂದು ಚೀಲ ಹೊತ್ತು ತಂದಿದ್ದನಂತೆ. ಅದನ್ನು ಕೆಂಪು ಮಣ್ಣಿಗೆ ಕಲಸಿ ಮಾಡಿದ್ದರು. "ನಮ್ಮ ಕಡಿ ಎತ್ತು ಮಾಡಂಗಿಲ್ರಿ ಅಕ್ಕಾ, ನಮಗ ಎತ್ತೂ ಇಲ್ಲ ಹೊಲಾನೂ ಇಲ್ಲ. ಈಕಿನೇ ಕಲಿಸಿದ್ಳು," ಎಂದು ಆಕೆ ಹೇಳಿದಳು. ನಾನು ಹೊತ್ತು ತಂದ ಹಾಗೆಯೇ ಇನ್ನೊಬ್ಬರು ಇನ್ನೊಂದು ಊರಿನಿಂದ ಹೊತ್ತು ತಂದಿದ್ದರು ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಆಗ ಹೊಳೆದದ್ದು ಒಂದೇ, ನನ್ನ ಎತ್ತು ಇದಕ್ಕಿಂತ ಚೆಂದ ಇರುತ್ತದೆ.

ಪಡಸಾಲೆಯಲ್ಲಿ ಕೂತೆ. ಎರೆಮಣ್ಣನ್ನು ನೆಲಕ್ಕೆ ಬಡಿದು ಹದ ಮಾಡಿ, ಒಂದು ತಾಸಿನೊಳಗೆ ಜೋಡಿ ನಿಲ್ಲಿಸಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಗಂಗೆದೊಗಲು ಜೋತಾಡುವಂತಿತ್ತು, ಕೊಂಬು ಎರಡೂ ಒಂದೇ ಬಾಗು. ಮಗುವಿನ ಎದುರು ಪಂದ್ಯಕ್ಕೆ ಬಿದ್ದವಳಂತೆ ಮಾಡಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಮಾಡಿದೆ. ಆಕೆ ಕೆಲಸ ಬಿಟ್ಟು ಕುಕ್ಕರಗಾಲಲ್ಲಿ ಕೂತು ನೋಡಿದಳು. ಹುಡುಗಿಯೂ ನೋಡಿದಳು. ಒಂದು ಉಂಡೆ ಮಣ್ಣು ತೆಗೆದು ಅವಳ ಕೈಗೆ ಕೊಟ್ಟೆ, ಬಾಲ ಮಾಡು ಎಂದೆ. ಮಾಡಿದಳು. ಆದರೆ ತಾನೇ ಅಂಟಿಸಲಿಲ್ಲ, ನನಗೆ ಕೊಟ್ಟಳು.

ಸಂಜೆ ಪೂಜೆಯ ಹೊತ್ತಿಗೆ ಆಕೆ, "ಅಕ್ಕ ಮಾಡಿದ್ದು ಭಾಳ ಛಂದ ಅದಾವ, ಅವೇ ದೇವರ ಜಗಲಿ ಮ್ಯಾಲ ಇಡಮು," ಅಂದಳು. ಮನಸ್ಸಿನಿಂದಲೇ ಅಂದಳು. ಭಾವನೂ ಹೂಂ ಅಂದರು. ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

"ಹಂಗ ನಡ್ಯಂಗಿಲ್ಲ," ಅಂದಳು ಹುಡುಗಿ. "ಮನಿ ಎತ್ತೇ ಇಡಬೇಕು. ಸಣ್ಣವ್ವನ ಮಣ್ಣು ಖೇಡದ್ದು."

ಅವಳ ಮುಖದಲ್ಲಿ ಕೊಂಕಿರಲಿಲ್ಲ. ಹಬ್ಬ ತಪ್ಪಬಾರದು ಅನ್ನುವ ಕಾಳಜಿ ಅಷ್ಟೇ. ಗುಲಾಬಿ ಎತ್ತುಗಳು ಜಗಲಿ ಏರಿದವು, ಅವುಗಳ ಮುಂದೆ ಒಂದು ಚಿಟಿಕೆ ಹಸಿಹುಲ್ಲು, ಕಡಬು. ನನ್ನವು ಕಿಟಕಿಯ ಕಟ್ಟೆಗೆ ಹೋದವು. ಎಲ್ಲರ ಜೊತೆ ನಾನೂ ಕೈಮುಗಿದೆ. ಊಟಕ್ಕೆ ನನ್ನನ್ನು ಮಣೆ ಹಾಕಿ ಕೂರಿಸಿ, ತುಪ್ಪ ಎರಡು ಸಲ ಬಡಿಸಿ, ಇನ್ನೊಂದು ಹಾಕಿಕೊಳ್ಳಿ ಎಂದು ಒತ್ತಾಯ ಮಾಡಿದರು. ಮನೆಯವರಿಗೆ ಯಾರೂ ಇಷ್ಟು ಒತ್ತಾಯ ಮಾಡುವುದಿಲ್ಲ.

ಮರುದಿನ ಬೆಳಿಗ್ಗೆ ನಾನು ಹೊರಡುವವಳಿದ್ದೆ. ಆ ಬೆಳಿಗ್ಗೆ ಮಕ್ಕಳಿಗೆ ಇನ್ನೊಂದು ಕೆಲಸ ಇರುತ್ತದೆ. ಪೂಜೆಗೆ ಇಡದ ಒಂದು ಮಣ್ಣೆತ್ತಿನ ಕಾಲು ಮುರಿದು, ಆ ಕುಂಟೆತ್ತನ್ನು ತಟ್ಟೆಯಲ್ಲಿಟ್ಟುಕೊಂಡು ಮನೆ ಮನೆಗೆ ಹೋಗುವುದು. ಪಾಪದ ಕುಂಟೆತ್ತಿಗೆ ಎಂದು ಜೋಳ, ಅಕ್ಕಿ, ಬೇಳೆ ಬೇಡಿ ತಂದು, ಎಲ್ಲರೂ ಸೇರಿ ಬೇಯಿಸಿ ಉಣ್ಣುವುದು. ಖೇಡದಲ್ಲಿ ಇದಕ್ಕೆಂದೇ ಮೂರನೆಯದೊಂದು ಒಡ್ಡೊಡ್ಡಾದ ಎತ್ತು ಮಾಡುತ್ತಿದ್ದೆವು. ಇಲ್ಲಿ ಯಾರೂ ಮಾಡಿರಲಿಲ್ಲ. ಹುಡುಗಿ ಕಿಟಕಿಯ ಕಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ನನ್ನ ಎತ್ತುಗಳಲ್ಲಿ ಒಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ನನಗ ಮುರ್ಯಾಕ ಆಗವಲ್ದು. ನೀನೇ ಮುರಿ, ಸಣ್ಣವ್ವಾ."

ಮುಂಗಾಲು ಹಿಡಿದು ತಿರುಗಿಸಿದೆ. ಮಣ್ಣು ಬಿರಿಯಿತು, ಹತ್ತಿಯ ಎಳೆ ಬಿಡಲಿಲ್ಲ. ಅಷ್ಟು ಚೆನ್ನಾಗಿ ನಾದಿದ್ದೆ. ಎರಡು ಮೂರು ಸಲ ತಿರುಚಿ ಎಳೆದ ಮೇಲೆ ಕಾಲು ಕೈಗೆ ಬಂತು. ಅವಳು ಎತ್ತನ್ನು ತಟ್ಟೆಯಲ್ಲಿ ಒರಗಿಸಿ, ಅದರ ತಲೆ ಸವರಿ, ಹೊರಗೆ ಓಡಿದಳು.

ಓಣಿಯ ನಾಲ್ಕು ಮಕ್ಕಳನ್ನು ಕೂಡಿಸಿಕೊಂಡು ಬಂದಳು. ಅವರಿಗೆ ಈ ಆಟ ಹೊಸದು. ಒಬ್ಬಳಿಗೆ ತೆಲುಗಿನಲ್ಲಿ, ಇನ್ನೊಬ್ಬಳಿಗೆ ಉರ್ದುವಿನಲ್ಲಿ ಏನು ಮಾಡಬೇಕೆಂದು ಅಪ್ಪಣೆ ಕೊಟ್ಟಳು. ನಾನು ಚೀಲ ಸಿದ್ಧ ಮಾಡಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಖೇಡದಲ್ಲಿ ಮೂಲೆಯಲ್ಲಿ ಕೂತು ಆಡುತ್ತಿದ್ದವಳು ಇಲ್ಲಿ ಯಜಮಾನಿಯಾಗಿದ್ದಳು. ನನಗೆ ಹೆಮ್ಮೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

"ಮೊದಲ ನಿಮ್ಮನ್ಯಾಗೇ ಕೇಳಮು," ಅಂದಳು ಜೊತೆಗಿದ್ದ ಒಬ್ಬ ಹುಡುಗಿ.

"ಏ, ತಮ್ಮ ಮನ್ಯಾಗ ತಾವು ಬೇಡಬಾರ್ದು. ಬ್ಯಾರೆ ಮನಿಯೋರನ್ನೇ ಬೇಡಬೇಕು," ಅಂದಳು ನನ್ನವಳು. ಅತ್ತ ಇತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ಬಿತ್ತು, ಮುಖ ಅರಳಿತು. "ಸಣ್ಣವ್ವ ಅದಾಳಲ್ಲ! ಮೊದಲ ಆಕಿನ್ನ ಬೇಡಮು."

ತಟ್ಟೆ ನನ್ನ ಮುಂದೆ ಬಂತು. ಅದರ ಹಿಂದೆ ಐದು ಮುಖ.

ಖೇಡದಲ್ಲಿ ಅಷ್ಟು ವರ್ಷ ಇದ್ದಾಗ ಒಂದು ಸಲವೂ ಅವಳು ನನ್ನ ಮುಂದೆ ಈ ತಟ್ಟೆ ಹಿಡಿದಿರಲಿಲ್ಲ. ನನ್ನನ್ನು ದಾಟಿಕೊಂಡೇ ಎದುರುಮನೆಗೆ ಓಡುತ್ತಿದ್ದಳು. ನಾ ಬ್ಯಾರೆ ಮನಿಯಾಕಿ ಅಲ್ಲ, ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹೇಳಿದ್ದರೆ ಅವಳು ಎರಡರಲ್ಲಿ ಒಂದು ಮನೆಯನ್ನು ತನ್ನದಲ್ಲ ಅನ್ನಬೇಕಾಗುತ್ತಿತ್ತು, ಅದೂ ಅಷ್ಟು ಮಕ್ಕಳ ಎದುರು. ಅಷ್ಟರಲ್ಲಿ ಆಕೆ ಒಳಗಿನಿಂದ ಬೊಗಸೆ ಜೋಳ ತಂದು ನನ್ನ ಕೈಗೆ ಸುರಿಯಲು ಬಂದಳು. ನನಗಾದದ್ದು ಆಕೆಗೆ ತಿಳಿದಿತ್ತೆಂದು ಕಾಣುತ್ತದೆ, ನನ್ನ ಮುಖ ನೋಡಲಿಲ್ಲ.

"ಅವ್ವಾ, ಅದು ನಮ್ಮನಿ ಜ್ವಾಳ. ಸಣ್ಣವ್ವ ತಂದು ಕೊಡಬೇಕು," ಎಂದು ಹುಡುಗಿ ತಡೆದಳು.

ಚೀಲದಲ್ಲಿ ಕೈಯಾಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಚುರುಮುರಿ ಅರ್ಧ ಪೊಟ್ಟಣ ಉಳಿದಿತ್ತು, ಮೆತ್ತಗಾಗಿತ್ತು. ಅದನ್ನೇ ತಟ್ಟೆಗೆ ಸುರಿದೆ. "ನಡೀತದಾ?" ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ನಡೀತದ," ಅಂದಳು. ಕೊಟ್ಟವರಿಗೆ ಹರಸಿ ಹೋಗಬೇಕು, ಅದೂ ಪದ್ಧತಿಯೇ. ಉಳಿದ ಮಕ್ಕಳಿಗೆ ಹೀಗೆ ಹೇಳಬೇಕೆಂದು ತೋರಿಸಿಕೊಡುವವಳಂತೆ ನೆಟ್ಟಗೆ ನಿಂತು, ನನ್ನ ಕಡೆ ತಿರುಗಿ, ಯಾವ ಮನೆಯ ಮುಂದೆಯಾದರೂ ಹೇಳುವಂತೆ ಗಟ್ಟಿಯಾಗಿ ಹೇಳಿದಳು: "ನಿಮ್ಮ ಮನಿ ತುಂಬಿರಲಿ."

ಆಗಲಿ ಯವ್ವಾ, ಎಂದೆ. ಅವರು ಪಕ್ಕದ ಮನೆಗೆ ಓಡಿದರು.